ಕಾಲುವೆಯ ಊರಿನಿಂದ ಅಘನಾಶಿನಿಯ ಅಳಿವೆಗೆ

ಮಾನ್ವಿಯಿಂದ ಸಿಂಧನೂರಿನ ಕಡೆ ಹೊರಟರೆ ನಡುದಾರಿಯಲ್ಲಿ ಸಿಗುವ ಊರು ಪೋತ್ನಾಳ. ರಸ್ತೆಯ ಎರಡೂ ಬದಿ ಭತ್ತದ ಗದ್ದೆ, ಆಚೆ ಹತ್ತಿ, ಜೋಳ ಬೆಳೆಯುವ ಎರೆಹೊಲ, ಕ್ಯಾಂಪುಗಳತ್ತ ತಿರುಗುವ ಅಡ್ಡದಾರಿಗಳು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ದಿನ, ನಿಲ್ಲಿಸುವ ದಿನ ನೋಡಿಕೊಂಡೇ ಇಲ್ಲಿ ಮದುವೆ ನಿಶ್ಚಯವಾಗುತ್ತದೆ, ಮನೆಗೆ ಪಾಯ ಬೀಳುತ್ತದೆ. ಪ್ರವಾಸದ ಮಾತು ಬರುವುದೂ ಭತ್ತದ ರಾಶಿ ಮುಗಿದು ದುಡ್ಡು ಕೈಗೆ ಬಂದ ಮೇಲೆಯೇ. ಮಕ್ಕಳು ಆಗ ಕೇಳುವುದು ಒಂದನ್ನೇ: ಸಮುದ್ರ.

ಸಮುದ್ರ ಇಲ್ಲಿಂದ ಸುಮಾರು 400 ಕಿಲೋಮೀಟರ್ ದೂರ. ಹಾಗೆಂದು ಕಡಲು ಕಂಡವರು ಈ ಸೀಮೆಯಲ್ಲಿ ಇಲ್ಲವೆಂದಲ್ಲ. ಮಾನ್ವಿ, ದೇವದುರ್ಗ, ಲಿಂಗಸುಗೂರು ತಾಲ್ಲೂಕುಗಳಿಂದ ಗುಳೆ ಹೋದವರು ಗೋವಾದಲ್ಲಿ, ಮಂಗಳೂರಿನಲ್ಲಿ, ಉಡುಪಿಯಲ್ಲಿ ಕಟ್ಟಡದ ಕೆಲಸ ಮಾಡಿದ್ದಾರೆ. ಕಡಲ ದಂಡೆಯ ಹೋಟೆಲು, ಮನೆಗಳಿಗೆ ಇಟ್ಟಿಗೆ, ಉಸುಕು ಹೊತ್ತಿದ್ದಾರೆ. ಆದರೆ ದಿನಗೂಲಿಯವರಿಗೆ ದಂಡೆಯಲ್ಲಿ ಕೂತು ಅಲೆ ನೋಡುವ ಹೊತ್ತು ಸಿಗುವುದಿಲ್ಲ. ಕೆಲಸಕ್ಕಾಗಿ ಹೋಗಿ ನೋಡಿದ ಊರನ್ನೇ ಮಕ್ಕಳನ್ನು ಕರೆದುಕೊಂಡು, ಬಿಡುವಾಗಿ, ಅತಿಥಿಯಾಗಿ ನೋಡುವುದು ಬೇರೆಯೇ ಅನುಭವ. ಅದಕ್ಕೆ ಈ ಸೀಮೆಯ ದುಡಿಯುವ ಕುಟುಂಬಗಳಿಗೆ ಎಲ್ಲರಷ್ಟೇ ಹಕ್ಕಿದೆ.

ನಮ್ಮ ಕಡೆ ಕಡಲ ಪ್ರವಾಸಕ್ಕೆ ರೂಢಿಯಾಗಿಬಿಟ್ಟ ಒಂದು ಕ್ರಮವಿದೆ. ನಾಲ್ಕು ಮನೆಯವರು ಸೇರಿ ಕ್ರೂಸರ್ ಮಾತಾಡುತ್ತಾರೆ. ರಾತ್ರಿ ಊಟ ಮುಗಿಸಿ ಹೊರಡುತ್ತಾರೆ. ಶಿರಸಿಯ ಮಾರಿಕಾಂಬೆ, ಗೋಕರ್ಣ, ಇಡಗುಂಜಿ, ಮುರುಡೇಶ್ವರ, ಕೊಲ್ಲೂರು, ಉಡುಪಿ, ಧರ್ಮಸ್ಥಳ, ಆಗುವುದಾದರೆ ಕುಕ್ಕೆ, ಶೃಂಗೇರಿ. ಮೂರು ಹಗಲು, ಮೂರು ರಾತ್ರಿ. ಎಲ್ಲ ದೇವರ ದರ್ಶನವೂ ಆಗುತ್ತದೆ. ಆದರೆ ಅಷ್ಟೂ ದಿನ ಕಳೆಯುವುದು ಗಾಡಿಯಲ್ಲಿ ಮತ್ತು ಸರದಿಯಲ್ಲಿ. ಡ್ರೈವರಿಗೆ ನಿದ್ದೆಯಿಲ್ಲ, ಹಿರಿಯರಿಗೆ ಮೊಣಕಾಲು ನೋವು, ಮಕ್ಕಳಿಗೆ ವಾಂತಿ. ಸಮುದ್ರಕ್ಕೆ ಸಿಗುವುದು ಅರ್ಧ ತಾಸು, ಅದೂ ಕತ್ತಲಾಗುವ ಹೊತ್ತಿಗೆ. ಹರಕೆ ಹೊತ್ತವರು ಹಾಗೆ ಹೋಗಲಿ. ಮಕ್ಕಳಿಗೆ ಕಡಲು ತೋರಿಸಲೆಂದೇ ಹೊರಟವರಿಗೆ ನನ್ನ ಸಲಹೆ ಬೇರೆ: ಒಂದೇ ಊರು ಆರಿಸಿಕೊಳ್ಳಿ, ಅಲ್ಲೇ ಎರಡು ರಾತ್ರಿ ಉಳಿಯಿರಿ. ಆ ಊರು ಗೋಕರ್ಣವಾಗಲಿ. ಅಲ್ಲಿ ದೇವಸ್ಥಾನವಿದೆ, ಕಡಲಿದೆ, ಪಕ್ಕದಲ್ಲೇ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಿದೆ. ಭತ್ತ ಬೆಳೆಯುವವರು ನೋಡಲೇಬೇಕಾದದ್ದು ಆ ಅಳಿವೆಯಲ್ಲಿದೆ.

ದಾರಿ ಹೀಗೆ: ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಗೋಕರ್ಣ. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಹುಬ್ಬಳ್ಳಿಯವರೆಗಿನ ಪ್ರಯಾಣ ಹಗುರಾಗಿದೆ. ಮುಂದಕ್ಕೆ ಘಟ್ಟ ಇಳಿಯುವ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಮಾತು ದಶಕಗಳಿಂದ ನಡೆದೇ ಇದೆ, ಹಳಿ ಮಾತ್ರ ಕರಾವಳಿ ಮುಟ್ಟಿಲ್ಲ. ಹಾಗಾಗಿ ಹುಬ್ಬಳ್ಳಿಯಿಂದ ಬಸ್ಸೇ ಗತಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯವಾಗದು. ಅವ್ವ, ಅತ್ತೆ, ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ ಇದರಿಂದ ಉಳಿಯುವ ದುಡ್ಡು ಒಂದು ರಾತ್ರಿಯ ರೂಮಿಗೆ ಆಸರೆಯಾದೀತು. ಆಧಾರ್ ಕಾರ್ಡು ಕೈಚೀಲದಲ್ಲಿರಲಿ, ಸೂಟ್‌ಕೇಸಿನ ತಳದಲ್ಲಿ ಅಲ್ಲ.

ಹುಬ್ಬಳ್ಳಿ ದಾಟಿದ ಮೇಲೆ ಮಕ್ಕಳಿಗೆ ತೋರಿಸಿ ಹೇಳಬಹುದಾದ ಸಂಗತಿಯೊಂದಿದೆ. ನಮ್ಮ ಕಾಲುವೆಯ ನೀರು ತುಂಗಭದ್ರೆಯದು. ಆ ನದಿ ಕೃಷ್ಣೆ ಸೇರಿ ಪೂರ್ವಕ್ಕೆ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹುಬ್ಬಳ್ಳಿ–ಧಾರವಾಡದ ಸೀಮೆಯಲ್ಲಿ ನೆಲದ ಇಳಿಜಾರು ಬದಲಾಗುತ್ತದೆ. ಅಲ್ಲಿ ಹುಟ್ಟಿದ ಬೇಡ್ತಿ ಪಶ್ಚಿಮಕ್ಕೆ ಹರಿದು, ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರಿನಲ್ಲಿ ಗೋಕರ್ಣದ ಉತ್ತರಕ್ಕೆ ಅರಬ್ಬಿ ಸಮುದ್ರ ಸೇರುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ನೀವೂ ಆ ನದಿಯೂ ಒಂದೇ ಕಡೆಗೆ ಹೊರಟಿರುತ್ತೀರಿ. ಘಟ್ಟದ ತಿರುವುಗಳು ಬಯಲಿನವರ ಹೊಟ್ಟೆಗೆ ಹೊಸವು. ಯಲ್ಲಾಪುರದಲ್ಲಿ ಚಹಾ ಕುಡಿದು ಕಾಲು ಚಾಚಿ, ಹೊಟ್ಟೆ ಬಿರಿಯೆ ಉಣ್ಣದೆ ಘಟ್ಟ ಇಳಿಯಿರಿ.

ಯಾವಾಗ ಹೋಗಬೇಕು ಎನ್ನುವುದು ಎಲ್ಲಿಗೆ ಹೋಗಬೇಕು ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆಗಾಲದ ಕಡಲು ದಂಡೆಯನ್ನೇ ಕೊರೆಯುತ್ತದೆ; ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ದಾರಿಯೂ ಆಗ ನಂಬಿಕೆಯದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ರಸ್ತೆ ಬದಿ ಚಹಾ ಅಂಗಡಿಯ ಕುಟುಂಬ, ಲಾರಿ ಚಾಲಕರು ಜೀವ ಕಳೆದುಕೊಂಡದ್ದನ್ನು ನಾಡು ಮರೆತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆಯಿದೆ, ರಾಯಚೂರಿನ ನಲವತ್ತು ದಾಟಿದ ಬಿಸಿಲಿನಿಂದ ಓಡಿಹೋಗುವ ಆಸೆಯೂ ಇರುತ್ತದೆ. ಆದರೆ ಕರಾವಳಿಯ ಸೆಕೆ ನಮ್ಮ ಒಣ ಬಿಸಿಲಿನಂಥದ್ದಲ್ಲ. ನೆರಳಲ್ಲಿ ಕೂತರೂ ಬೆವರು ಆರುವುದಿಲ್ಲ. ಹೋಗಲೇಬೇಕಾದರೆ ಆ ಕಾಲಕ್ಕೆ ಅದರದೇ ಲಾಭಗಳಿವೆ. ಕುಮಟಾದ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿ, 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲಾ ಸೀಮೆಯ ಕರಿಈಶಾಡ ಮಾವು ಸಿಗುವುದು ಬೇಸಿಗೆಯಲ್ಲೇ.

ನನ್ನ ಆಯ್ಕೆ ಡಿಸೆಂಬರ್, ಜನವರಿ. ಮುಂಗಾರಿನ ಭತ್ತ ಕೊಯ್ದು ಮಾರಿ ಆಗಿರುತ್ತದೆ, ಕಡಲು ಶಾಂತವಾಗಿರುತ್ತದೆ, ಮುಂಜಾನೆ ತಂಪು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಾತ್ರ ಬಿಡಿ. ಆಗ ಗೋಕರ್ಣದಲ್ಲಿ ಕಾಲಿಡಲು ಜಾಗವಿರದು, ರೂಮಿನ ಬಾಡಿಗೆ ಎಷ್ಟಕ್ಕೋ ಏರಿರುತ್ತದೆ. ಮಹಾಶಿವರಾತ್ರಿಯ ರಥೋತ್ಸವ ಭಕ್ತರಿಗೆ ದೊಡ್ಡ ಭಾಗ್ಯ, ಸಣ್ಣ ಮಕ್ಕಳನ್ನು ಕಟ್ಟಿಕೊಂಡವರಿಗೆ ಕಷ್ಟ. ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ನದಿಗೆ ಹೋಗುವುದು ನಮ್ಮ ಕಡೆ ಇದ್ದೇ ಇದೆ. ಒಂದು ವರ್ಷ ಆ ಬುತ್ತಿ ಗೋಕರ್ಣಕ್ಕೆ ಹೋಗಲಿ.

ಗೋಕರ್ಣದಲ್ಲಿ ರೂಢಿಯ ಕ್ರಮವೆಂದರೆ ಮೊದಲು ಸಮುದ್ರ ಸ್ನಾನ, ಬಳಿಕ ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ರಾವಣನ ಕೈಯಿಂದ ಆತ್ಮಲಿಂಗವನ್ನು ನೆಲಕ್ಕಿಳಿಸಿದ ಬಾಲಗಣಪನ ಕಥೆ ಮಕ್ಕಳಿಗೆ ಮನೆಯಲ್ಲೇ ಹೇಳಿರಿ. ಅಲ್ಲಿ ಗುಡಿಯೆದುರು ನಿಂತಾಗ ಅದಕ್ಕೆ ಜೀವ ಬರುತ್ತದೆ. ಗರ್ಭಗುಡಿಗೆ ಹೋಗುವ ಗಂಡಸರು ಅಂಗಿ ಕಳಚಬೇಕು, ಪಂಚೆ ಉಡಬೇಕು. ರಥಬೀದಿಯ ಹಳೆಯ ಮನೆಗಳು, ಕೋಟಿತೀರ್ಥ, ತರಕಾರಿ ಮಾರಲು ಕೂರುವ ಹಾಲಕ್ಕಿ ಒಕ್ಕಲಿನ ಹೆಂಗಸರ ಮಣಿಸರಗಳನ್ನು ನೋಡುತ್ತ ಒಂದು ಮುಂಜಾನೆ ಕಳೆಯಬಹುದು. ಊಟದ ಚಿಂತೆ ಬೇಡ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ಮೊದಲ ದಿನ ಸಾಗುತ್ತದೆ. ಗುಡಿಯ ಸುತ್ತ ಸಸ್ಯಾಹಾರಿ ಖಾನಾವಳಿಗಳಿವೆ. ಕುಚಲಕ್ಕಿ ಅನ್ನ, ಬಂಗಡೆ ಸಾರು ಬೇಕೆಂದವರು ಸ್ವಲ್ಪ ಆಚೆ ಹುಡುಕಬೇಕು.

ಎರಡನೆಯ ದಿನವನ್ನು ಅಳಿವೆಗೆ ಮೀಸಲಿಡಿ. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟು ಕಾಣದೆ ಕಡಲು ಸೇರುವ ನದಿ. ಅಣೆಕಟ್ಟಿನಿಂದಲೇ ಬದುಕುವ ನಮಗೆ ಇದು ವಿಶೇಷವಾಗಿಯೇ ಕಾಣಬೇಕು. 2024ರ ಜನವರಿಯಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅದರ ಜೊತೆಗೇ ಮಾನ್ಯತೆ ಪಡೆದ ರಾಜ್ಯದ ಇನ್ನೆರಡು ತಾಣಗಳು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಮಾಗಡಿ ಕೆರೆಯನ್ನು, ಸ್ವಂತ ಗಾಡಿಯಿದ್ದರೆ, ಗದಗಿನಿಂದ ಸ್ವಲ್ಪ ಸುತ್ತಿ ನೋಡಿಯೇ ಮುಂದೆ ಹೋಗಬಹುದು. ಅಳಿವೆಯ ಗೋಕರ್ಣದ ದಂಡೆಯಲ್ಲಿ ತದಡಿ ಬಂದರು, ಎದುರು ದಂಡೆಯಲ್ಲಿ ಅಘನಾಶಿನಿ ಎಂಬುದೇ ಹೆಸರಿನ ಊರು, ನಡುವೆ ದೋಣಿ. ನೀರಿಳಿದಾಗ ಸೊಂಟಮಟ್ಟ ಕೆಸರುನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಜನ ಕಾಣುತ್ತಾರೆ. ದಡದ ಕಾಂಡ್ಲಾ ಗಿಡಗಳು ಉಪ್ಪುನೀರಿನಲ್ಲೇ ಬೇರೂರಿ ನಿಂತಿವೆ.

ಪೋತ್ನಾಳದ ರೈತ ನಿಂತು ನೋಡಬೇಕಾದದ್ದು ಈ ಅಳಿವೆಯ ಅಂಚಿನ ಗಜನಿ ಗದ್ದೆಗಳನ್ನು. ಎಡದಂಡೆ ಕಾಲುವೆಯ ಸೀಮೆಯಲ್ಲಿ ನೀರು ಹೆಚ್ಚಾಗಿ, ಬಸಿಯದೆ, ಎಷ್ಟೋ ಎಕರೆ ಎರೆನೆಲ ಸವಳು–ಜವಳಾಗಿದೆ. ಮೇಲೆ ಬಿಳಿ ಉಪ್ಪು ಬಂದ ಹೊಲವನ್ನು ಬೀಳುಬಿಟ್ಟವರಿಗೆ ಅದರ ಸಂಕಟ ಗೊತ್ತು. ಇಲ್ಲಿ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂಥ ಊರುಗಳ ರೈತರು ಉಬ್ಬರದ ಉಪ್ಪುನೀರು ನುಗ್ಗುವ ಗಜನಿಯಲ್ಲೇ ತಲೆಮಾರುಗಳಿಂದ ಕಗ್ಗ ಎಂಬ ಭತ್ತ ಬೆಳೆಯುತ್ತ ಬಂದಿದ್ದಾರೆ. ಗೊಬ್ಬರ, ಔಷಧಿಯ ಹಂಗಿಲ್ಲದ ಎತ್ತರದ ಪೈರು. ಉಪ್ಪನ್ನೂ, ಕೆಲ ದಿನ ನೀರಿನಲ್ಲಿ ಮುಳುಗುವುದನ್ನೂ ತಾಳಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಿತ್ತಿದ್ದನ್ನು ಮಳೆ ಮುಗಿದ ಮೇಲೆ ಕೊಯ್ಯುತ್ತಾರೆ, ಆಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಡಿಸೆಂಬರಿನಲ್ಲಿ ಹೋದವರಿಗೆ ಪೈರು ಕಾಣದು, ಕಟ್ಟೆಗಳೂ ನೀರು ಒಳಬಿಡುವ ಜಂತ್ರಡಿಗಳೂ ಕಾಣುತ್ತವೆ. ನಿಂತ ಪೈರನ್ನೇ ನೋಡಬೇಕೆಂದರೆ ದಸರಾ ರಜೆಯೇ ಸರಿ. ಇಳುವರಿಯಲ್ಲಿ ಕಗ್ಗ ನಮ್ಮ ಸೋನಾ ಮಸೂರಿಗೆ ಸಮವಲ್ಲ, ಇಲ್ಲಿಂದ ಬೀಜ ಒಯ್ದರೆ ಸವಳು ಹೊಲ ಹಸುರಾಗಿಬಿಡುತ್ತದೆ ಎಂದೂ ನಾನು ಹೇಳುತ್ತಿಲ್ಲ. ಉಪ್ಪಿನ ಜೊತೆ ಬದುಕಲು ಕಲಿತ ರೈತನೊಬ್ಬನ ಜೊತೆ ಉಪ್ಪಿನಿಂದ ನೊಂದ ರೈತನೊಬ್ಬ ಬದುವಿನ ಮೇಲೆ ಕೂತು ಒಂದು ತಾಸು ಮಾತಾಡಿದರೆ, ಅದಕ್ಕಿಂತ ದೊಡ್ಡ ಪ್ರವಾಸ ನನಗೆ ತೋರುವುದಿಲ್ಲ.

ಹತ್ತಿರದ ಸಾಣಿಕಟ್ಟಾದಲ್ಲಿ ಬೇಸಿಗೆಯಲ್ಲಿ ಸಮುದ್ರದ ನೀರನ್ನು ಪಾತಿಗೆ ಹಾಯಿಸಿ ಉಪ್ಪು ತೆಗೆಯುತ್ತಾರೆ. 1930ರ ಏಪ್ರಿಲ್ 13ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾ ಇದೇ ದಾರಿಯ ಊರು. ಕುಮಟಾ ದಾರಿಯಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಮಿರ್ಜಾನ್ ಕೋಟೆಯೂ ಇದೆ. ಮಕ್ಕಳು ಓಡಾಡಲು ಒಳ್ಳೆಯ ಜಾಗ.

ಇನ್ನು ನೀರಿನ ಮಾತು. ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ನಮ್ಮ ಹುಡುಗರು ಕಾಲುವೆಯಲ್ಲಿ, ಬಾವಿಯಲ್ಲಿ ಈಜು ಕಲಿತವರು. ಕಡಲಲ್ಲಿ ಆ ಧೈರ್ಯವೇ ಮೋಸ ಮಾಡುತ್ತದೆ. ಕಾಲುವೆಯ ಸೆಳವು ಒಂದೇ ಕಡೆಗೆ. ಅಲೆಯ ನೀರು ದಂಡೆಗೆ ಬಂದು ತಗ್ಗು ಸಿಕ್ಕಲ್ಲಿ ಒಟ್ಟಾಗಿ ಒಳಕ್ಕೆ ವಾಪಸು ಓಡುತ್ತದೆ. ಹಾಗೆ ಓಡುವ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೀರು ಶಾಂತವಾಗಿ, ಕಪ್ಪಾಗಿ ಕಾಣುತ್ತದೆ. ಹೊಸಬರು ಅದನ್ನೇ ಸುರಕ್ಷಿತವೆಂದು ತಿಳಿದು ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆಗೆ ಎದುರೀಜಬಾರದು. ಅಂಗಾತ ತೇಲಿ ಉಸಿರು ಕಾಯ್ದುಕೊಂಡು, ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಂಡೆಗೆ ಸಮವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಂಡೆಗೆ ತಿರುಗಬೇಕು. ಮುಳುಗುತ್ತಿರುವವರನ್ನು ಉಳಿಸಲು ಮನೆಯವರು ಒಬ್ಬರ ಹಿಂದೊಬ್ಬರು ಹಾರಬಾರದು. ಖಾಲಿ ಕ್ಯಾನು, ಹಗ್ಗ, ಸೀರೆ ಎಸೆಯಿರಿ, ಜೀವರಕ್ಷಕ ಸಿಬ್ಬಂದಿಯನ್ನು ಕರೆಯಿರಿ.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕು ತೀರಿಕೊಂಡರು. ನಮ್ಮಂತೆಯೇ ಕಡಲಿಲ್ಲದ ಒಣ ಸೀಮೆಯ ಮಕ್ಕಳು. ಕಡಲು ಶಾಂತವಾಗಿರುವ ತಿಂಗಳಲ್ಲೇ ಅದು ಆಯಿತು ಎಂಬುದನ್ನು ನೆನಪಿಡಿ. ದಂಡೆಗೆ ಕಾಲಿಡುವ ಮೊದಲು ಎಲ್ಲಿ ಇಳಿಯಬಹುದು, ಉಬ್ಬರ ಎಷ್ಟು ಹೊತ್ತಿಗೆ ಎಂದು ಜೀವರಕ್ಷಕರನ್ನೋ ಮೀನುಗಾರರನ್ನೋ ಕೇಳಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ; ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಹೆಚ್ಚು. ಮೊಣಕಾಲಿನ ಮೇಲೆ ನೀರು ಬೇಡ. ಸೀರೆಯುಟ್ಟ ಹೆಂಗಸರು ಅಲೆಗೆ ಬೆನ್ನು ಹಾಕಿ ಕೂರುವುದು ಬೇಡ, ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಪಶ್ಚಿಮದ ದಂಡೆಯಾದ್ದರಿಂದ ಸೂರ್ಯಾಸ್ತ ನೋಡಲು ಎಲ್ಲರೂ ಸಂಜೆಯೇ ಸೇರುತ್ತಾರೆ; ಹೊತ್ತು ಮುಳುಗುವ ಮೊದಲು ಮಕ್ಕಳು ನೀರಿನಿಂದ ಹೊರಗಿರಬೇಕು. ಓಂ ಬೀಚಿನ ಬಂಡೆಗಳ ತುದಿಯಲ್ಲಿ ಸೆಲ್ಫಿಗೆ ನಿಲ್ಲುವುದಂತೂ ಬೇಡವೇ ಬೇಡ.

ದಲಿತ ಕೂಲಿ ಹೆಣ್ಣುಮಕ್ಕಳ ಜಾಗೃತ ಮಹಿಳಾ ಸಂಘಟನೆ ಬೆಳೆದ ಊರು ಪೋತ್ನಾಳ. ಸುತ್ತಲಿನ ಹಳ್ಳಿಗಳಲ್ಲೂ ಉಳಿತಾಯದ ಗುಂಪುಗಳಿವೆ. ನಾಟಿಗೆ, ಕಳೆಗೆ ವರ್ಷವಿಡೀ ಬಗ್ಗಿ ದುಡಿಯುವ ಈ ಹೆಂಗಸರಲ್ಲಿ ಎಷ್ಟೋ ಮಂದಿ ಕಡಲು ಕಂಡಿಲ್ಲ. ಬಸ್ಸಿನ ಖರ್ಚು ಸರ್ಕಾರದ್ದು. ತಿಂಗಳಿಗಿಷ್ಟು ಎಂದು ಬೇರೆ ಎತ್ತಿಟ್ಟರೆ ರೂಮು, ಊಟದ ಹಣ ಸುಗ್ಗಿಯ ಹೊತ್ತಿಗೆ ಕೂಡುತ್ತದೆ. ಮನೆಯ ಗಂಡಸರೂ ಸಂಘದ ಮುಂದಾಳುಗಳೂ ಈ ಮಾತನ್ನು ಈ ಮುಂಗಾರಿನ ನಾಟಿಯ ಹೊತ್ತಿಗೇ ಎತ್ತಲಿ. ಡಿಸೆಂಬರಿನ ರೂಮನ್ನು ಅಕ್ಟೋಬರಿನಲ್ಲೇ ಕಾಯ್ದಿರಿಸಲಿ. ಹೊರಡುವ ಪಟ್ಟಿಯಲ್ಲಿ ಮೊದಲ ಹೆಸರು ಮನೆಯ ಹಿರಿಯ ಹೆಣ್ಣುಮಗಳದ್ದಿರಲಿ.