ಒತ್ತುವವರೊಬ್ಬರು, ಕೇಳುವವರು ಮೂವರು

ಕೆಲವು ವರ್ಷಗಳ ಹಿಂದೆ ಲಿನಕ್ಸ್ ಗಣಕದ ಟರ್ಮಿನಲ್ಲಿನಲ್ಲಿ, ಎಂದರೆ ಚಿತ್ರವೂ ಗುಂಡಿಯೂ ಇಲ್ಲದೆ ಅಕ್ಷರಗಳಲ್ಲಿಯೇ ಆಜ್ಞೆ ಕೊಟ್ಟು ಅಕ್ಷರಗಳಲ್ಲಿಯೇ ಉತ್ತರ ಪಡೆಯತಕ್ಕ ಆ ಕಪ್ಪು ತೆರೆಯಲ್ಲಿ, ಒಂದು ಕಡತವನ್ನು ತಿದ್ದುತ್ತ ಕುಳಿತಿದ್ದ ನಾನು, ಬೇರೆಡೆ ಬೆಳೆದಿದ್ದ ಚಾಳಿಯಂತೆ, ತಿದ್ದಿದುದನ್ನು ಉಳಿಸುವ ಉದ್ದೇಶದಿಂದ ಕಂಟ್ರೋಲ್ ಕೀಲಿಯೊಡನೆ ಎಸ್ ಅಕ್ಷರವನ್ನು ಒತ್ತಿದೆನು. ಒತ್ತಿದ ಕ್ಷಣವೇ ತೆರೆ ಸ್ತಬ್ಧವಾಯಿತು. ಯಾವ ಕೀಲಿಗೂ ಪ್ರತ್ಯುತ್ತರವಿಲ್ಲದಿರಲು ಯಂತ್ರವೇ ಕೆಟ್ಟಿತೆಂದು ಭಾವಿಸಿ ಕಿಟಕಿಯನ್ನೇ ಮುಚ್ಚಿದೆನಾಗಿ, ಒಂದು ಗಂಟೆಯ ದುಡಿಮೆ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದಂತಾಯಿತು. ಕಂಟ್ರೋಲ್-ಕ್ಯೂ ಒತ್ತಿದ್ದರೆ ಎಲ್ಲವೂ ಇದ್ದಲ್ಲಿಂದಲೇ ಮುಂದುವರಿಯುತ್ತಿತ್ತೆಂಬುದು ಮರುದಿನ ತಿಳಿಯಿತು. ಎಸ್ ನಿಲ್ಲಿಸುವುದೇಕೆ, ಕ್ಯೂ ನಡೆಸುವುದೇಕೆ ಎಂಬ ಕುತೂಹಲವೇ ಈ ಲೇಖನದ ಮೂಲ.

ಉತ್ತರವನ್ನು ಅರಸಿ ಹೊರಟರೆ ನಾವು ತಲಪುವುದು ಟೆಲಿಟೈಪ್ ಎಂಬ ಯಂತ್ರದ ಬಳಿಗೆ. ಅಮೆರಿಕದ ಟೆಲಿಟೈಪ್ ಕಾರ್ಪೊರೇಷನ್ 1963ರಲ್ಲಿ ಹೊರತಂದ ಮಾಡೆಲ್ 33 ಎಂಬ ಈ ಯಂತ್ರ, ತಂತಿಯ ಮೂಲಕ ದೂರದ ಇನ್ನೊಂದು ಯಂತ್ರದೊಡನೆ ಮಾತನಾಡಬಲ್ಲ ಬೆರಳಚ್ಚು ಯಂತ್ರವೆಂದರೆ ಸಲ್ಲುತ್ತದೆ. ಸೆಕೆಂಡಿಗೆ ಹತ್ತು ಅಕ್ಷರಗಳಷ್ಟೆ ಅದರ ವೇಗ. 72 ಅಕ್ಷರಗಳ ಒಂದು ಪಂಕ್ತಿ ಅಚ್ಚಾಗಲು ಏಳು ಸೆಕೆಂಡುಗಳಿಗೂ ಮೀರಿ ಕಾಯಬೇಕಾಗಿತ್ತು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಗೆ ಅಡಿಗಲ್ಲಿಟ್ಟು ಬೆಳೆಸಿದುದು ಇಂಥ ಯಂತ್ರಗಳ ಮುಂದೆ ಕುಳಿತೇ. ಅದರ ಸಂತತಿಯಾದ ವ್ಯವಸ್ಥೆಗಳಲ್ಲಿ ಟರ್ಮಿನಲ್ಲಿಗೆ ಇಂದಿಗೂ ‘ಟಿಟಿವೈ’ ಎಂಬ ಹೆಸರು ಉಳಿದಿದೆಯಷ್ಟೆ. ಅದು ಟೆಲಿಟೈಪ್ ಎಂಬುದರ ಸಂಕ್ಷೇಪ.

ತಂತಿಯಲ್ಲಿ ಹರಿಯುತ್ತಿದ್ದುದು ಆಸ್ಕಿ ಎಂಬ ಸಂಕೇತಪದ್ಧತಿ. ಏಳು ದ್ವಿಮಾನ ಅಂಕಗಳಿಂದ 128 ಸಂಕೇತಗಳನ್ನು ರಚಿಸಬಹುದಾಗಿದ್ದು, ಅವುಗಳಲ್ಲಿ ಮೊದಲಿನ 32, ಎಂದರೆ 0ಯಿಂದ 31ರವರೆಗಿನವು, ಅಚ್ಚಾಗುವ ಅಕ್ಷರಗಳಲ್ಲ. ಯಂತ್ರಕ್ಕೆ ಕೊಡತಕ್ಕ ಅಪ್ಪಣೆಗಳು. 7 ಬಂದರೆ ಗಂಟೆ ಬಾರಿಸಬೇಕು, 10 ಬಂದರೆ ಕಾಗದವನ್ನು ಒಂದು ಪಂಕ್ತಿಯಷ್ಟು ಮೇಲಕ್ಕೆ ಸರಿಸಬೇಕು, 13 ಬಂದರೆ ಅಚ್ಚಿನ ಭಾಗವನ್ನು ಪಂಕ್ತಿಯ ಆದಿಗೆ ತರಬೇಕು. 17 ಬಂದರೆ ಸಂದೇಶವನ್ನು ತೂತುಗಳ ರೂಪದಲ್ಲಿ ಹೊತ್ತ ಕಾಗದದ ರಂಧ್ರಪಟ್ಟಿಯನ್ನು ಓದುವ ಉಪಾಂಗ ಚಲಿಸಬೇಕು, 19 ಬಂದರೆ ಅದು ನಿಲ್ಲಬೇಕು. ಈ ಅಪ್ಪಣೆಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕ ಕೀಲಿಯಿಡದೆ, ಇರುವ ಅಕ್ಷರಗಳಿಂದಲೇ ಅವನ್ನು ಹುಟ್ಟಿಸುವ ಉಪಾಯವೇ ಕಂಟ್ರೋಲ್ ಕೀಲಿ. ಅಕ್ಷರದ ಏಳು ಅಂಕಗಳಲ್ಲಿ ಮೇಲಿನ ಎರಡನ್ನು ಅದು ಸೊನ್ನೆಮಾಡುತ್ತದೆ; ಅದು ಮಾಡುವುದು ಅಷ್ಟನ್ನೇ. ದೊಡ್ಡ ಸಿ ಅಕ್ಷರದ ಸಂಕೇತ 67, ದ್ವಿಮಾನದಲ್ಲಿ 1000011. ಕಂಟ್ರೋಲ್ ಹಿಡಿದೊಡನೆ 0000011 ಆಗಿ ಮೂರು ಮಾತ್ರ ಉಳಿಯುತ್ತದೆ. ಎಸ್ 83, ಅದರಲ್ಲಿ 64 ಕಳೆದರೆ 19. ಕ್ಯೂ 81, ಕಳೆದುಳಿದದ್ದು 17. ಅಂದು ನನ್ನ ತೆರೆಯನ್ನು ಸ್ತಂಭನಗೊಳಿಸಿದುದು ರಂಧ್ರಪಟ್ಟಿಯ ಕಾಲದ ಈ ‘ನಿಲ್ಲು’ ಎಂಬ ಅಪ್ಪಣೆಯೇ. ಇದೇ ಲೆಕ್ಕದಂತೆ ಐ ಅಕ್ಷರ ಟ್ಯಾಬ್ ಆಗಿಯೂ ಎಂ ಅಕ್ಷರ ಎಂಟರ್ ಆಗಿಯೂ ಪರಿಣಮಿಸುವುದರಿಂದ, ಎಂಟರ್ ಕೀಲಿ ಮುರಿದುಹೋದ ದಿನ ಟರ್ಮಿನಲ್ಲಿನಲ್ಲಿ ಕಂಟ್ರೋಲ್-ಎಂ ಒತ್ತಿ ಕೆಲಸ ಸಾಗಿಸಬಹುದು.

ಸಂಕೇತವೇನೋ ಹುಟ್ಟಿತು, ಅದನ್ನು ಕೇಳಿಸಿಕೊಳ್ಳುವವರು ಯಾರು? ಹಿಂದಿನ ಮೈಸೂರು ಸೀಮೆಯಲ್ಲಿ ರೈತನ ಅರ್ಜಿ ಶಾನುಭೋಗರಿಂದ ಶೇಕದಾರರಿಗೂ ಅವರಿಂದ ಅಮಲ್ದಾರರಿಗೂ ಸಾಗುತ್ತಿದ್ದಂತೆ, ನಾವು ಒತ್ತಿದ ಕೀಲಿಯೂ ಮೂರು ಕೈಗಳನ್ನು ದಾಟಿ ಹೋಗತಕ್ಕದ್ದು. ಯಾರ ಕೈಯಲ್ಲಿ ಅದು ತೀರ್ಮಾನವಾಗುವುದೋ ಅವರ ಅರ್ಥವೇ ಅದರ ಅರ್ಥ. ಮೊದಲನೆಯದು ತೆರೆಯ ಮೇಲಿನ ಟರ್ಮಿನಲ್ ಕಿಟಕಿ. ಎರಡನೆಯದು ಕಾರ್ಯವ್ಯವಸ್ಥೆಯ ಒಡಲೊಳಗಿದ್ದು ಪಂಕ್ತಿಯ ಮೇಲ್ವಿಚಾರಣೆ ಮಾಡುವ ಭಾಗ. ಮೂರನೆಯದು ನಮ್ಮ ಆಜ್ಞೆಗಾಗಿ ಕಾದಿರುವ ತಂತ್ರಾಂಶ, ಪ್ರಾಯಶಃ ‘ಬ್ಯಾಷ್’ ಎಂಬ ಶೆಲ್.

ನಡುವಿನ ಶೇಕದಾರನ ಅಧಿಕಾರ ಅಲ್ಪವಾದುದಲ್ಲ. ಕಂಟ್ರೋಲ್-ಸಿ ಬಂದರೆ ಅವನು ಅದನ್ನು ಮುಂದಕ್ಕೆ ಕಳುಹಿಸದೆ, ಓಡುತ್ತಿರುವ ತಂತ್ರಾಂಶಕ್ಕೆ ‘ಕೆಲಸ ಬಿಡು’ ಎಂಬ ಸೂಚನೆಯನ್ನು ತಾನೇ ಹೊರಡಿಸುತ್ತಾನೆ. ಕಂಟ್ರೋಲ್-ಝಡ್ ಬಂದರೆ ಕೊಲ್ಲದೆ ಮಲಗಿಸುತ್ತಾನೆ. ಹಾಗೆ ಮಲಗಿದುದನ್ನು ‘ಎಫ್‌ಜಿ’ ಎಂಬೆರಡಕ್ಷರದ ಆಜ್ಞೆಯಿಂದ ಎದುರಿಗೂ ‘ಬಿಜಿ’ ಎಂಬುದರಿಂದ ಹಿನ್ನೆಲೆಯಲ್ಲಿಯೂ ಎಬ್ಬಿಸಬಹುದು. ಈ ಸೌಕರ್ಯವನ್ನು ಮೊದಲು ರಚಿಸಿದವನು ಆಸ್ಟ್ರಿಯದ ಲಾಕ್ಸೆನ್‌ಬರ್ಗಿನ ಸಂಶೋಧನ ಸಂಸ್ಥೆಯಲ್ಲಿದ್ದ ಜಿಮ್ ಕಲ್ಪ್. ಅದು ಲೋಕಪ್ರಚಾರಕ್ಕೆ ಬಂದುದು ಬರ್ಕ್ಲಿಯ ಯೂನಿಕ್ಸಿನ ಮೂಲಕ. ಕಂಟ್ರೋಲ್-ಡಿ ಎಂದರೆ ‘ಹೊರಗೆ ಹೋಗು’ ಎಂದರ್ಥವೆಂದು ಬಹುಮಂದಿ ತಿಳಿದಿರುವರಾದರೂ ಅದರ ಯಥಾರ್ಥ ಬೇರೆ: ಇದುವರೆಗೆ ಟೈಪುಮಾಡಿದುದನ್ನು ಎಂಟರಿಗೆ ಕಾಯದೆ ಒಪ್ಪಿಸಿಬಿಡು ಎಂಬುದೇ ಅದು. ಪಂಕ್ತಿ ಬರಿದಾಗಿರುವಾಗ ಒತ್ತಿದರೆ ಒಪ್ಪಿಸಲು ಏನೂ ಇಲ್ಲದೆ ಶೂನ್ಯವೇ ಸಲ್ಲುತ್ತದೆ. ಶೂನ್ಯವನ್ನು ಪಡೆದ ತಂತ್ರಾಂಶ, ಇನ್ನು ಬರತಕ್ಕದ್ದೇನೂ ಇಲ್ಲವೆಂದು ತಿಳಿದು ಕೆಲಸ ಮುಗಿಸುತ್ತದೆ. ಗುಪ್ತಪದವನ್ನು ಟೈಪುಮಾಡುವಾಗ, ತೆರೆಯ ಮೇಲೆ ಏನೂ ಕಾಣದಿರುವಲ್ಲಿ, ಬೆರಳು ತಪ್ಪಿತೆಂಬ ಸಂಶಯ ಬಂದರೆ ಒಂದೊಂದಾಗಿ ಅಳಿಸುವ ಗೋಜು ಬೇಡ. ಕಂಟ್ರೋಲ್-ಯು ಇಡೀ ಪಂಕ್ತಿಯನ್ನು ಒರಸಿಹಾಕುತ್ತದೆ.

ಶೇಕದಾರನನ್ನು ದಾಟಿದ ಸಂಕೇತಗಳು ಬ್ಯಾಷನ್ನು ಸೇರುತ್ತವೆ. 1989ರಲ್ಲಿ ಹೊರಬಂದ ಈ ಶೆಲ್, ಪಂಕ್ತಿಯನ್ನು ತಿದ್ದುವ ರೀತಿಯನ್ನು ಎಪ್ಪತ್ತರ ದಶಕದಲ್ಲಿ ಎಂಐಟಿಯಲ್ಲಿ ಜನ್ಮತಳೆದ ಈಮ್ಯಾಕ್ಸ್ ಎಂಬ ಬರೆವಣಿಗೆಯ ತಂತ್ರಾಂಶದಿಂದ ಪಡೆಯಿತು. ಕಂಟ್ರೋಲ್-ಎ ಪಂಕ್ತಿಯ ಆದಿಗೆ, ಕಂಟ್ರೋಲ್-ಇ ಅಂತ್ಯಕ್ಕೆ. ಆಲ್ಟ್ ಹಿಡಿದು ಬಿ ಒತ್ತಿದರೆ ಒಂದು ಪದ ಹಿಂದಕ್ಕೆ, ಎಫ್ ಒತ್ತಿದರೆ ಒಂದು ಪದ ಮುಂದಕ್ಕೆ. ಕಂಟ್ರೋಲ್-ಡಬ್ಲ್ಯು ಹಿಂದಿನ ಪದವನ್ನೂ ಕಂಟ್ರೋಲ್-ಕೆ ಮುಂದಿರುವ ಸಮಸ್ತವನ್ನೂ ಕತ್ತರಿಸುವುವಾದರೂ ಕತ್ತರಿಸಿದುದು ನಾಶವಾಗದೆ ಒಂದೆಡೆ ಶೇಖರವಾಗಿದ್ದು, ಕಂಟ್ರೋಲ್-ವೈ ಒತ್ತಿದರೆ ಮರಳಿ ಬರುತ್ತದೆ. ಇವೆಲ್ಲಕ್ಕಿಂತ ಶ್ರಮವನ್ನುಳಿಸುವುದು ಕಂಟ್ರೋಲ್-ಆರ್: ಅದನ್ನೊತ್ತಿ, ಕಳೆದ ವಾರ ಕೊಟ್ಟಿದ್ದ ದೀರ್ಘವಾದೊಂದು ಆಜ್ಞೆಯ ನಾಲ್ಕಕ್ಷರವನ್ನು ಟೈಪುಮಾಡಿದರೆ ಸಾಕು, ಶೆಲ್ ತನ್ನ ಸ್ಮರಣಪುಸ್ತಕವನ್ನು ಹಿಂದಿನಿಂದ ಶೋಧಿಸುತ್ತ ಅದನ್ನು ಮುಂದಿಡುತ್ತದೆ. ಟ್ಯಾಬ್ ಕೀಲಿ ಅರ್ಧ ಬರೆದ ಕಡತದ ಹೆಸರನ್ನು ಪೂರ್ಣಗೊಳಿಸುವುದು ಎಲ್ಲರೂ ಬಲ್ಲ ಸಂಗತಿ. ಆಲ್ಟಿನೊಡನೆ ಚುಕ್ಕಿಯನ್ನೊತ್ತಿದರೆ ಹಿಂದಿನ ಆಜ್ಞೆಯ ಕೊನೆಯ ಪದ ಇಲ್ಲಿಗೆ ಬಂದು ಕೂರುವುದನ್ನು ಬಲ್ಲವರು ವಿರಳ.

ಈ ಶೋಧವನ್ನು ಮುಂದಿನ ದಿಕ್ಕಿಗೆ ತಿರುಗಿಸಲು ಬ್ಯಾಷ್ ಇಟ್ಟುಕೊಂಡಿರುವ ಕೀಲಿ, ನೋಡಿ, ಅದೇ ಕಂಟ್ರೋಲ್-ಎಸ್! ಅಮಲ್ದಾರರಲ್ಲಿ ಉತ್ತರ ಸಿದ್ಧವಾಗಿದ್ದರೂ ಅರ್ಜಿ ಅಲ್ಲಿಗೆ ಮುಟ್ಟುವುದಿಲ್ಲ. ಶೇಕದಾರನು ನಡುವೆಯೇ ಅದನ್ನು ‘ನಿಲ್ಲು’ ಎಂದು ಓದಿ ತೆರೆಯನ್ನು ನಿಲ್ಲಿಸುತ್ತಾನೆ. ಅವನ ಆ ಅಧಿಕಾರವನ್ನು ‘ಎಸ್‌ಟಿಟಿವೈ’ ಎಂಬ ಆಜ್ಞೆಯಿಂದ ಹಿಂತೆಗೆದುಕೊಳ್ಳಬಹುದು. ನಕಲು ಮಾಡುವ ಕೀಲಿಯ ಗೊಂದಲಕ್ಕೂ ಇದೇ ಕಾರಣ: ಅನ್ಯತ್ರ ನಕಲಿಗೆ ಸಲ್ಲುವ ಕಂಟ್ರೋಲ್-ಸಿ ಇಲ್ಲಿ ಎಷ್ಟೋ ಪೂರ್ವದಲ್ಲಿಯೇ ಬೇರೊಂದು ಕೆಲಸಕ್ಕೆ ನಿಯುಕ್ತವಾಗಿರುವುದರಿಂದ, ಲಿನಕ್ಸಿನ ಅನೇಕ ಟರ್ಮಿನಲ್‌ಗಳಲ್ಲಿ ಅದಕ್ಕೆ ಶಿಫ್ಟನ್ನೂ ಕೂಡಿಸಿ ಒತ್ತಬೇಕು; ಆಗ ಶಾನುಭೋಗನಾದ ಕಿಟಕಿಯೇ ಅದನ್ನು ಮಧ್ಯದಲ್ಲಿ ಹಿಡಿದು ನಕಲು ಮಾಡಿಕೊಡುತ್ತದೆ.

ಟೆಲಿಟೈಪಿನ ಗಂಟೆಯೂ ರಂಧ್ರಪಟ್ಟಿಯೂ ಕಣ್ಮರೆಯಾದರೂ ಅವುಗಳ ಅಂಕಗಳು ಸ್ಥಾನ ಬಿಟ್ಟು ಕದಲಲಿಲ್ಲ. 1992ರಲ್ಲಿ ಅದೇ ಕೆನ್ ಥಾಂಪ್ಸನ್, ರಾಬ್ ಪೈಕ್‌ನೊಡಗೂಡಿ, ಜಗತ್ತಿನ ಸಕಲ ಲಿಪಿಗಳಿಗೂ ಒದಗುವ ಯುಟಿಎಫ್-8 ಎಂಬ ಪದ್ಧತಿಯನ್ನು ಕಲ್ಪಿಸಿದಾಗ ಹಳೆಯ 128 ಸಂಕೇತಗಳನ್ನು ಯಥಾಸ್ಥಿತಿಯಲ್ಲಿ ಉಳಿಸಿದನು. ಲಿಪಿಗಳ ಒಂದೊಂದು ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ನಮ್ಮ ‘ಅ’ಕಾರದ ಸಂಖ್ಯೆ 3205; ಕನ್ನಡದ ಒಂದೊಂದು ಸಂಕೇತಕ್ಕೂ ಆ ಪದ್ಧತಿಯಲ್ಲಿ ಮೂರು ಬೈಟುಗಳ ಅವಕಾಶ. ಹಳೆಯ ಸಂಕೇತಗಳು ಹಾಗೆಯೇ ಉಳಿದಿರುವುದರಿಂದ ಟರ್ಮಿನಲ್ಲಿನಲ್ಲಿ ಕನ್ನಡದ ಕಡತವೊಂದು ಸರಸರನೆ ಹರಿದುಹೋಗುತ್ತಿರುವಾಗ 19 ಎಂಬ ಒಂದೇ ಬೈಟನ್ನು ಕಳುಹಿಸಿ ಅದನ್ನು ತಡೆದು, ಓದಿಕೊಂಡು, 17ನ್ನು ಕಳುಹಿಸಿ ಮುಂದೆ ಹರಿಯಬಿಡಬಹುದು. ಅಂದು ನನ್ನ ದುಡಿಮೆಯನ್ನು ಕೆಡಿಸಿದ ಆ ಕೀಲಿಯನ್ನು ಇಂದು ನಾನು ಈ ಕೆಲಸಕ್ಕೆ ದಿನವೂ ಉಪಯೋಗಿಸುತ್ತಿದ್ದೇನೆ.