ಮಗ್ಗದ ಲೆಕ್ಕದಲ್ಲಿ ಉತ್ಪಾದಕತೆ

ಒಂದು ಗಂಟೆಯ ದುಡಿಮೆಯಿಂದ ಸರಾಸರಿ ಎಷ್ಟು ಮೌಲ್ಯದ ಸರಕು ಹುಟ್ಟುತ್ತದೆ ಎಂಬ ಅಳತೆಗೆ ಅರ್ಥಶಾಸ್ತ್ರದಲ್ಲಿ ಶ್ರಮದ ಉತ್ಪಾದಕತೆ ಎಂದು ಹೆಸರು. ಇದು ಏರಿದರೆ ದೇಶದ ಆರ್ಥಿಕತೆ ಸುಸ್ಥಿತಿಯಲ್ಲಿದೆ ಎಂಬ ನಂಬಿಕೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ತೆಲಂಗಾಣದ ನಾರಾಯಣಪೇಟೆ ಮತ್ತು ಗದ್ವಾಲದ ಕೈಮಗ್ಗಗಳು ಚೆನ್ನಾಗಿ ತೋರಿಸುತ್ತವೆ.

ಆ ನಂಬಿಕೆಗೆ ಬುಡವೇ ಇಲ್ಲವೆಂದಲ್ಲ. ನಾರಾಯಣಪೇಟೆಯ ಸೀರೆಗೆ ಒಂದೊಂದಾಗಿ ಹಾಸು ಹೂಡದೆ, ಎಂಟು ಸೀರೆಗಳಿಗೆ ಸಾಲುವ ಸುಮಾರು 56 ಗಜದ ಹಾಸನ್ನು ಒಮ್ಮೆಗೇ ಮಗ್ಗಕ್ಕೆ ಏರಿಸುವ ರೂಢಿಯಿದ್ದು, ಎಳೆ ಜೋಡಿಸುವ ತೊಡಕಿನ ಕೆಲಸ ಎಂಟು ಸಲದ ಬದಲು ಒಂದೇ ಸಲಕ್ಕೆ ಮುಗಿಯುವುದರಿಂದ ನೇಕಾರನಿಗೆ ನೇಯಲು ಹೆಚ್ಚು ಹೊತ್ತು ಸಿಗುತ್ತದೆ. ಯಾರ ಕೂಲಿಯನ್ನೂ ಕಸಿಯದೆ ಬಂದ ಇಂಥ ಏರಿಕೆ ನಿಜಕ್ಕೂ ಒಳ್ಳೆಯ ಲಕ್ಷಣ.

ಆದರೆ ಸರಾಸರಿಯು ಬೇರೆ ದಾರಿಯಿಂದಲೂ ಏರುತ್ತದೆ. ದಿನಕ್ಕೆ 200 ರೂಪಾಯಿ ಮೌಲ್ಯ ಹುಟ್ಟಿಸುವ ಐವರು ಕೈಮಗ್ಗದವರೂ 600 ರೂಪಾಯಿ ಮೌಲ್ಯ ಹುಟ್ಟಿಸುವ ಐವರು ವಿದ್ಯುತ್ ಮಗ್ಗದವರೂ ಒಂದು ಊರಿನಲ್ಲಿದ್ದಾರೆಂದು ಭಾವಿಸಿದರೆ, ತಲಾ ಸರಾಸರಿ 400 ರೂಪಾಯಿ. ಮೊದಲ ಐವರು ಕೆಲಸ ಕಳೆದುಕೊಂಡರೆ ಸರಾಸರಿ 600ಕ್ಕೆ ಜಿಗಿಯುತ್ತದೆ, ಊರಿನಲ್ಲಿ ಹುಟ್ಟುವ ಒಟ್ಟು ಮೌಲ್ಯ ಮಾತ್ರ 4,000ದಿಂದ 3,000ಕ್ಕೆ ಇಳಿದಿರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಕೋಟ್ಯಂತರ ಜನ ಕೆಲಸ ಕಳೆದುಕೊಂಡಾಗ ಗಂಟೆಯ ಉತ್ಪಾದಕತೆ ಏರಿದ್ದಕ್ಕೂ ಕಡಿಮೆ ಕೂಲಿಯವರು ಲೆಕ್ಕದಿಂದ ಹೊರಬಿದ್ದದ್ದು ಒಂದು ಮುಖ್ಯ ಕಾರಣವಾಗಿತ್ತು.

ಗದ್ವಾಲ ಸೀರೆಯಲ್ಲಿ ತೊಡಕು ಇನ್ನೂ ಆಳದ್ದು. ಹತ್ತಿಯ ಒಡಲಿಗೂ ರೇಷ್ಮೆಯ ಅಂಚಿಗೂ ಬೇರೆಬೇರೆ ಲಾಳಿ ಓಡಿಸಿ, ಎರಡೂ ಕೂಡುವೆಡೆಯಲ್ಲಿ ಹೊಕ್ಕಿನ ಎಳೆಗಳನ್ನು ಸಾಲುಸಾಲಿಗೂ ಒಂದರೊಳಗೊಂದು ಸಿಕ್ಕಿಸಬೇಕಾದ್ದರಿಂದ ಕೆಲಸ ನಿಧಾನ; ಆ ನಿಧಾನವೇ ಸೀರೆಗೆ ಬೆಲೆಯನ್ನೂ, 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯನ್ನೂ ತಂದಿತು. ಗಜದಲ್ಲಿ ಅಳೆದರೆ ಈ ನೇಕಾರ ಹಿಂದುಳಿದವನು; ರೂಪಾಯಿಯಲ್ಲಿ ಅಳೆದರೆ ಹಾಗಲ್ಲ, ಆದರೂ ಆ ರೂಪಾಯಿಯಲ್ಲಿ ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರನ ಪಾಲೆಷ್ಟು, ಮಗ್ಗದವನ ಪಾಲೆಷ್ಟು ಎಂಬುದನ್ನು ಉತ್ಪಾದಕತೆಯ ಅಂಕಿ ಹೇಳುವುದೇ ಇಲ್ಲ. ಕಂಡಿಕೆ ಸುತ್ತುವ ಮನೆಯ ಹೆಂಗಸರ, ಮುದುಕರ ಗಂಟೆಗಳು ಹಲವು ಸಲ ಎಣಿಕೆಗೇ ಬರುವುದಿಲ್ಲವಾದ್ದರಿಂದ ಲೆಕ್ಕದ ಇನ್ನೊಂದು ಬದಿಯೂ ಸಡಿಲವೇ.

ಕೈಮಗ್ಗ ಗಣತಿಯ ಪ್ರಕಾರ ದೇಶದ ಕೈಮಗ್ಗ ದುಡಿಮೆಗಾರರು 2009–10ರಲ್ಲಿ 43.31 ಲಕ್ಷವಿದ್ದು 2019–20ಕ್ಕೆ 35.22 ಲಕ್ಷಕ್ಕೆ ಇಳಿದರು. ಬಿಟ್ಟುಹೋದವರು ಹೆಚ್ಚು ಕೂಲಿಯ ಕೆಲಸ ಹಿಡಿದಿದ್ದರೆ ಈ ಇಳಿಕೆಯನ್ನು ಪ್ರಗತಿಯೆನ್ನಬಹುದು. ಅವರು ಹೈದರಾಬಾದಿನ ಕಟ್ಟಡ ಕೆಲಸದಲ್ಲಿ ಕಡಿಮೆ ಕೂಲಿಗೆ ಕಲ್ಲು ಹೊರುತ್ತಿದ್ದರೆ, ಜವಳಿ ವಲಯದ ಏರಿದ ಸರಾಸರಿಯಲ್ಲಿ ಅವರ ಸುಳಿವೇ ಇರುವುದಿಲ್ಲ.