ಮಣ್ಣೆತ್ತು, ಕೆಮ್ಮಣ್ಣು, ಕರಡಿ

ಹಂಪಿ-ಸಂಡೂರು ಸೀಮೆಯ ಪಾಪಿನಾಯಕನಹಳ್ಳಿಯಂಥ ಊರಿನ ಪ್ರಾಥಮಿಕ ಶಾಲೆಗೆ ನಿಸರ್ಗದ ಕಲೆ ಕಲಿಸಲು ಅಂಗಡಿಯ ಸಾಮಾನು ಹೆಚ್ಚು ಬೇಕಿಲ್ಲ. ಕಾರಹುಣ್ಣಿಮೆಯ ನಂತರದ ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ರೈತರ ಮನೆಗಳಲ್ಲಿ ಮಣ್ಣಿನ ಜೋಡೆತ್ತು, ಗೋದಲಿ ಮಾಡಿ ಪೂಜಿಸುತ್ತಾರೆ. ಮಕ್ಕಳಿಗೆ ಅದೇ ಮೊದಲ ಶಿಲ್ಪಪಾಠ. ಮಣ್ಣನ್ನು ಜರಡಿ ಹಿಡಿದು, ನೀರು ಹಾಕಿ ಚೆನ್ನಾಗಿ ಮಿದಿಯಬೇಕು. ಕಾಲು ದಪ್ಪಗಿರಬೇಕು. ಕೊಂಬು, ಹಿಣಿಲು ಕೂಡಿಸುವ ಜಾಗಕ್ಕೆ ಗೀರು ಹಾಕಿ ತೆಳು ಕೆಸರು ಸವರದಿದ್ದರೆ ಒಣಗುವಾಗ ಕಳಚಿ ಬೀಳುತ್ತವೆ. ಬಿಸಿಲಿಗಿಂತ ನೆರಳಲ್ಲಿ ಒಣಗಿಸಿದರೆ ಬಿರುಕು ಕಡಿಮೆ.

ಸಂಡೂರು ಗುಡ್ಡಗಳ ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಅದನ್ನು ನುಣ್ಣಗೆ ಅರೆದು ಅಂಟಿನೊಂದಿಗೆ ಕಲಸಿದರೆ ಮಾಸದ ಬಣ್ಣವಾಗುತ್ತದೆ. (ಅದಿರು ಲಾರಿಗಳ ಧೂಳು ಕಂಡ ಸೀಮೆಗೆ ಈ ಕೆಂಪು ಹೊಸದೇನಲ್ಲ.) ಹಳದಿಗೆ ಅರಿಸಿನ, ಕಪ್ಪಿಗೆ ಇದ್ದಿಲು ಸಾಕು. ಆನೆಗೊಂದಿ ಕಡೆಯ ಬಂಡೆಗಳ ಮೇಲೆ ಪ್ರಾಗೈತಿಹಾಸಿಕ ಜನ ಪ್ರಾಣಿಗಳನ್ನು ಬಿಡಿಸಿದ್ದೂ ಕೆಂಪು ಬಣ್ಣದಲ್ಲೇ.

ಮಾದರಿಗೂ ಬರವಿಲ್ಲ. ಹಂಪಿಯ ಹಜಾರರಾಮ ದೇವಾಲಯದ ಆವರಣ ಗೋಡೆಯಲ್ಲಿ ಆನೆ, ಕುದುರೆಗಳ ಸಾಲೇ ಇದೆ. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮ ಹತ್ತಿರದಲ್ಲೇ ಇದೆ. ಜೋಲುಗೂದಲು, ಉದ್ದ ಉಗುರು, ಎದೆಯ ಬಿಳಿ ಪಟ್ಟೆ ನೋಡಿದ ಮಗು ಕರಡಿಯನ್ನು ತಾನೇ ಬಿಡಿಸುತ್ತದೆ. ಕರಿಹಲಗೆಯ ಚಿತ್ರವನ್ನು ಎಲ್ಲರೂ ಒಂದೇ ರೀತಿ ನಕಲು ಮಾಡುವುದು ಕಲೆಯಲ್ಲ, ಕಾಪಿ.

ಶಿಕ್ಷಕರು ಒಂದು ಎಚ್ಚರ ವಹಿಸಬೇಕು: ಹುತ್ತದ ಮಣ್ಣು ನುಣುಪೆಂದು ಮಕ್ಕಳನ್ನು ಅದನ್ನು ತರಲು ಕಳಿಸಬೇಡಿ, ಒಳಗೆ ಹಾವಿರಬಹುದು.